ನೀರಿನ ಬಣ್ಣ ನೋಡುವ ಕೆಲಸ

ಮೊದಲು ಹೋದದ್ದು ಕೆಂಪು ಬಣ್ಣ.

ಕೆನಡಾದ ಮಾರ್ಕಮ್‌ನ ಒಂದು ಪೇಂಟ್ ಕಂಪನಿಯ ಲ್ಯಾಬಿನಲ್ಲಿ ನನಗೆ ಕೆಲಸ. ಗಿರಾಕಿ ಕೇಳಿದ ಬಣ್ಣ, ನಾವು ಮಾಡಿದ ಬಣ್ಣ, ಎರಡೂ ಒಂದೇನಾ ಎಂದು ನೋಡಿ ಸಹಿ ಹಾಕುವುದು. ತಪ್ಪು ಹಿಡಿಯುವುದಕ್ಕೇ ಸಂಬಳ. ನನ್ನ ಹುಟ್ಟುಗುಣಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಒಂದು ನವೆಂಬರ್ ಬೆಳಿಗ್ಗೆ ಎರಡು ಕೆಂಪು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ಎಡಗಣ್ಣು ಮಾತ್ರ ತೆರೆದು ನೋಡಿದರೆ ಕೆಂಪು, ಒಗೆದೊಗೆದು ಬಿಳಿಚಿದ ಸೀರೆಯ ಹಾಗೆ ಕಾಣುತ್ತಿತ್ತು. ಬಲಗಣ್ಣಿನಲ್ಲಿ ನೋಡಿದರೆ ಸರಿಯಾಗಿಯೇ ಇತ್ತು. ಕಣ್ಣು ಹೊರಳಿಸಿದರೆ ನೋವು.

ನಿದ್ದೆ ಸಾಲದು ಅಂದುಕೊಂಡೆ. ಆಮೇಲೆ ಹೊಸ ಕನ್ನಡಕ ಬೇಕು ಅಂದುಕೊಂಡೆ. ಎರಡು ತಿಂಗಳ ನಂತರ ಎರಿನ್ ಮಿಲ್ಸ್ ಮಾಲಿನಲ್ಲಿ ನಡೆಯುವಾಗ ನನ್ನ ಗಂಡ ಗಿರೀಶ ನಿಂತುಬಿಟ್ಟ. "ಯಾಕ ಕಾಲು ಎಳಕೊಂಡು ನಡೀಲಿಕತ್ತೀ?" ಅಂದ. ನಾನು ಎಳೆಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಎಂಆರ್‌ಐ ಆಯಿತು. ನ್ಯೂರಾಲಜಿಸ್ಟ್ ಟಿಶ್ಯೂ ಡಬ್ಬಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಆಗಲೇ ಗೊತ್ತಾಯಿತು, ಒಳ್ಳೆಯ ಸುದ್ದಿ ಅಲ್ಲ ಅಂತ.

ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಹೊದಿಕೆಯನ್ನು ದೇಹವೇ ತಿಂದುಹಾಕುವ ರೋಗ.

ನಾನು ಟಿಶ್ಯೂ ತೆಗೆದುಕೊಳ್ಳಲಿಲ್ಲ. ಗಿರೀಶ ತೆಗೆದುಕೊಂಡ.

ಮೂರು ವರ್ಷ ಒಂದೊಂದಾಗಿ ಬಿಟ್ಟುಕೊಡುತ್ತಾ ಹೋದೆ. ಮೊದಲು ಕಾರು ಓಡಿಸುವುದು. ಆಮೇಲೆ ಲ್ಯಾಬು. ಹಗಲು ಹೇಗೋ ಕಳೆಯುತ್ತಿತ್ತು. ಹಾಸಿಗೆಗೆ ಬಂದರೆ ಮೀನಖಂಡಗಳು ಹಗ್ಗ ಹೊಸೆದ ಹಾಗೆ ಹುರಿಗಟ್ಟುತ್ತಿದ್ದವು. ಮೊಣಕಾಲು ತಾನಾಗಿ ಮಡಿಚಿಕೊಂಡು ಎದೆಗೆ ಬರುತ್ತಿತ್ತು. ಸ್ನಾಯು ಸಡಿಲಿಸುವ ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟರು. ಡೋಸ್ ಕಡಿಮೆಯಾದರೆ ಪ್ರಯೋಜನವಿಲ್ಲ, ಹೆಚ್ಚಾದರೆ ಕಾಲಲ್ಲಿ ಮೂಳೆಯೇ ಇಲ್ಲದ ಹಾಗೆ, ತಲೆಯಲ್ಲಿ ಮಂಜು ತುಂಬಿದ ಹಾಗೆ. ಕೊನೆಗೆ ಡಾಕ್ಟರೇ ಒಂದು ಫಾರ್ಮ್ ತೆಗೆದರು. ರೋಗಿಗಳು ಲೈಸೆನ್ಸ್ ಪಡೆದು ಗಾಂಜಾವನ್ನು ಔಷಧಿಯಾಗಿ ಬಳಸಬಹುದು, ಮನೆಯಲ್ಲೇ ಬೆಳೆದುಕೊಳ್ಳಬಹುದು ಎಂಬ ಕಾನೂನು ಆಗಿನ್ನೂ ಹೊಸದು. ಮೈಸೂರಿನ ಸಂಸ್ಕೃತ ಮೇಷ್ಟರ ಮಗಳು ನಾನು. ಒಟ್ಟಾವಾದ ಸರ್ಕಾರಿ ಕಚೇರಿಯಿಂದ ಗಾಂಜಾ ಬೆಳೆಯುವ ಕಾಗದ ನನ್ನ ಹೆಸರಿಗೆ ಬಂದ ದಿನ ಗಿರೀಶನೂ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮಣ್ಣಿನ ಚೀಲ ಹೊತ್ತು ಬೇಸ್‌ಮೆಂಟಿಗೆ ಇಳಿಸುವ ಶಕ್ತಿ ನನಗಿರಲಿಲ್ಲ. ಹಾಗಾಗಿ ನೀರಿನಲ್ಲಿ ಬೆಳೆಸುವುದೆಂದಾಯಿತು. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ನಾಲ್ಕು ತೂತು, ತೂತಿಗೊಂದು ಗಿಡ. ಬೇರು ನೀರಿನಲ್ಲಿ ಇಳಿಬಿದ್ದಿರುತ್ತದೆ. ಅಕ್ವೇರಿಯಮ್ಮಿನ ಪಂಪು ಗುಳುಗುಳು ಅಂತ ಗಾಳಿ ಊದುತ್ತಿರುತ್ತದೆ. ಬಿಸಿಲಿಗೆ ಬದಲು ಮೇಲೆ ದೀಪ. ಗಿಡದ ಊಟ ಬಾಟಲಿಯಲ್ಲಿ ಬರುತ್ತದೆ. ಅಳೆದು ನೀರಿಗೆ ಬೆರೆಸಬೇಕು. ಜಾಸ್ತಿಯಾದರೆ ಎಲೆಯ ತುದಿ ಸುಡುತ್ತದೆ, ಕಡಿಮೆಯಾದರೆ ಎಲೆ ಹಳದಿಯಾಗುತ್ತದೆ. ಇದೆಲ್ಲಕ್ಕಿಂತ ಮುಖ್ಯ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ. ನಮ್ಮ ನಲ್ಲಿಯ ನೀರಿಗೆ ಕ್ಷಾರ ಹೆಚ್ಚು. ಅದನ್ನು ಆರಕ್ಕಿಂತ ಕೊಂಚ ಕೆಳಗೆ ತಂದು ನಿಲ್ಲಿಸಬೇಕು. ಇಲ್ಲದಿದ್ದರೆ ನೀರಿನಲ್ಲಿ ಎಲ್ಲ ಇದ್ದರೂ ಬೇರು ಹೀರಿಕೊಳ್ಳುವುದಿಲ್ಲ. ಬಾಳೆ ಎಲೆ ತುಂಬ ಬಡಿಸಿಟ್ಟು ಬಾಯಿ ಕಟ್ಟಿ ಕೂರಿಸಿದ ಹಾಗೆ.

ಪಿಎಚ್ ನೋಡಲು ಒಂದು ಗಾಜಿನ ಟ್ಯೂಬು. ಸ್ವಲ್ಪ ನೀರು, ಬಣ್ಣ ತೋರಿಸುವ ದ್ರಾವಣದ ಮೂರು ಹನಿ. ಹಳದಿ ಬಂದರೆ ಸರಿ. ಹಸಿರಾದರೆ ಡಬ್ಬಿಗೆ ಎರಡು ಹನಿ ಆಸಿಡ್. ಕಿತ್ತಳೆಯಾದರೆ ಅಪಾಯ. ನಾನು ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ಕಂಬಿ ಹಿಡಿದು ಹದಿಮೂರು ಮೆಟ್ಟಿಲು ಇಳಿಯುವಾಗ ಮತ್ತೆ ಲ್ಯಾಬಿಗೆ ಹೊರಟ ಹಾಗೆ ಅನಿಸುತ್ತಿತ್ತು. ಒಣಗಿಸಿದ ಹೂವನ್ನು ತುಪ್ಪದಲ್ಲಿ ಕಾಯಿಸಿ ಇಟ್ಟು, ಸಂಜೆ ಕಾಲು ಚಮಚ ತಿನ್ನುತ್ತಿದ್ದೆ. ಕಾಲು ಸಡಿಲವಾಗುತ್ತಿತ್ತು. ನಿದ್ದೆ ಬರುತ್ತಿತ್ತು. ಅಷ್ಟು ಸಾಕಿತ್ತು ನನಗೆ.

ಆ ಶರತ್ಕಾಲದಲ್ಲಿ ಗಿರೀಶನ ತಾಯಿ ಹುಬ್ಬಳ್ಳಿಯಿಂದ ಬಂದರು. ಆರು ತಿಂಗಳು ನನಗೆ ಆಸರೆಯಾಗಿರಲಿ ಎಂದು ಅವನು ಕರೆಸಿದ್ದ. ಗಿಡದ ವಿಷಯ ಹೇಗೆ ಹೇಳುವುದು ಎಂದು ವಾರಗಟ್ಟಲೆ ಚರ್ಚೆ ಮಾಡಿ, "ಕೆನಡಾದ ಒಂದು ಗಿಡಮೂಲಿಕೆ" ಎಂದು ಹೇಳುವುದೆಂದು ತೀರ್ಮಾನಿಸಿದ್ದೆವು. ಅತ್ತೆ ಬೇಸ್‌ಮೆಂಟಿಗೆ ಇಳಿದು, ಕನ್ನಡಕ ಸರಿ ಮಾಡಿಕೊಂಡು, ಒಂದು ಎಲೆ ಮೂಸಿ ನೋಡಿದರು.

"ಇದು ಭಂಗಿ ಅಲ್ಲೇನು?"

ಗಿರೀಶ ಗೋಡೆ ನೋಡಿದ.

"ನಮ್ಮೂರ ಮಠದಾಗ ಸಾಧುಗಳು ಚಿಲುಮಿ ಸೇದತಿದ್ರು. ಶಿವಗ ಸೇರೋ ಗಿಡ. ಮುಚ್ಚಿಡೂದು ಯಾಕ? ಔಷಧಿ ಆದ್ರ ಔಷಧಿ" ಅಂದು ಅತ್ತೆ ಮೇಲೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದರು.

ಆದರೆ ಡಬ್ಬಿಯನ್ನು ಮುಟ್ಟಲು ನಾನು ಬಿಡಲಿಲ್ಲ. ನೋಡಬಹುದು, ಮುಟ್ಟಬಾರದು. ಅವರು ದಿನವೂ ಕೊನೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಟ್ಯೂಬಿನಲ್ಲಿ ಬಣ್ಣ ತಿರುಗಿದ್ದು ನೋಡಿ ಒಮ್ಮೆ, "ಅರಿಶಿಣಕ್ಕ ಸುಣ್ಣ ಕೂಡಿಸಿದ್ರ ಕೆಂಪಗ ಓಕುಳಿ ಆಗತೈತಲ್ಲ, ಹಂಗನs ಇದು?" ಅಂದರು. ಕಾಲೇಜಿನಲ್ಲಿ ಮೂರು ವರ್ಷ ಕೆಮಿಸ್ಟ್ರಿ ಓದಿದವಳು ನಾನು. ಅದು ಹಾಗೆಯೇ ಎಂದು ಒಪ್ಪಿಕೊಳ್ಳಲು ಒಂದು ನಿಮಿಷ ಬೇಕಾಯಿತು.

ಜನವರಿಯಲ್ಲಿ ರಿಲ್ಯಾಪ್ಸ್ ಆಯಿತು, ರೋಗ ಮತ್ತೆ ಕೆರಳಿತು.

ಬೆಳಿಗ್ಗೆ ಎದ್ದು ನಿಂತೆ, ಕಾಲು ನಿಲ್ಲಲಿಲ್ಲ. ಬಲಗಣ್ಣಿನ ಮುಂದೆ ಬೂದಿ ಎರಚಿದ ಹಾಗಾಗಿತ್ತು. ಆಸ್ಪತ್ರೆಯಲ್ಲಿ ಐದು ದಿನ ಐವಿ ಸ್ಟೆರಾಯ್ಡ್. ಬಾಯಲ್ಲಿ ಸದಾ ತಾಮ್ರದ ರುಚಿ. ಗಿರೀಶ ಆಸ್ಪತ್ರೆಗೂ ಆಫೀಸಿಗೂ ಓಡಾಡುತ್ತಿದ್ದ. ಗಿಡಗಳು ಹೂ ಕಟ್ಟಿ ನಿಂತಿದ್ದವು, ಇನ್ನು ಮೂರು ವಾರ ಕಳೆದರೆ ಕೊಯ್ಲು. ಮನೆಯಲ್ಲಿದ್ದ ಔಷಧಿಯ ತುಪ್ಪ ತಳ ಕಂಡಿತ್ತು. ಐದು ದಿನ ನೀರು ಹಾಗೇ ಇದ್ದರೆ ಏನೂ ಆಗಲ್ಲ ಎಂದು ನಾನೇ ಅವನಿಗೆ ಧೈರ್ಯ ಹೇಳಿದ್ದೆ.

ಮನೆಗೆ ಬಂದು ಬಾಗಿಲು ತೆರೆಯುತ್ತಿದ್ದ ಹಾಗೆ ಹುಳಿ ಮಜ್ಜಿಗೆಯ ವಾಸನೆ ಬಂತು. ಗಿರೀಶ ಕೆಳಗೆ ಓಡಿದ. ಡಬ್ಬಿಯ ಮುಚ್ಚಳ ಎತ್ತಿದ ಸದ್ದು ಕೇಳಿಸಿತು.

"ನೊರಿ ಬಂದೈತಿ. ಬೇರು ಎಲ್ಲಾ ಕಂದು ಆಗ್ಯಾವ, ಕೈಗೆ ಲೋಳಿ ಹತ್ತತೈತಿ" ಅಂದ ಅವನು ಮೇಲೆ ಬಂದು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಆಸ್ಪತ್ರೆಗೆ ಸೇರಿದ ಮಾರನೆಯ ದಿನ ಸೋಮವಾರ. ನನಗಾಗಿ ಹರಕೆ ಹೊತ್ತು, ತಾವು ಹುಬ್ಬಳ್ಳಿಯಿಂದ ತಂದ ಹಿತ್ತಾಳೆಯ ಲಿಂಗಕ್ಕೆ ಪಂಚಾಮೃತದ ಅಭಿಷೇಕ ಮಾಡಿದ್ದರು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಅಭಿಷೇಕದ ನೀರನ್ನು ಯಾರೂ ತುಳಿಯಬಾರದು. ಹುಬ್ಬಳ್ಳಿಯ ಮನೆಯಲ್ಲಾದರೆ ಹಿತ್ತಲ ಬಿಲ್ವಪತ್ರೆ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಇಲ್ಲಿ ಹಿತ್ತಲೆಂದರೆ ಎರಡಡಿ ಹಿಮ. ಸಿಂಕಿಗೆ ಸುರಿದರೆ ಚರಂಡಿ ಸೇರುತ್ತದೆ. ಇಡೀ ಮನೆಯಲ್ಲಿ ಗಿಡವೆಂದು ಇದ್ದದ್ದು ನಾಲ್ಕು, ಅವೂ ಶಿವನಿಗೆ ಸೇರಿದವು. ಒಂದು ತಂಬಿಗೆ ನೀರನ್ನು ಅವುಗಳ ಬುಡಕ್ಕೆ ಸುರಿದು ಕೈಮುಗಿದು ಬಂದಿದ್ದರು.

"ನಿಂಗ ಆರಾಮ ಆಗ್ಲಿ ಅಂತ ಬೇಡಿಕೊಂಡು ಹಾಕಿದೆನವ್ವಾ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸಿಡುಕು ಹೆಚ್ಚಿಸುವ ಸ್ಟೆರಾಯ್ಡಿನ ಮೇಲೆ ತಪ್ಪು ಹೊರಿಸಬಹುದು, ಆದರೆ ಮಾತು ನನ್ನದೇ.

"ನನ್ನ ಔಷಧಿಗೆ ವಿಷ ಹಾಕಿದ್ದೀರಿ" ಅಂದೆ.

ಅವರು ಆ ದಿನ ಊಟಕ್ಕೆ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಸೀರೆಯ ಸೆರಗು ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತರು. "ಏನ್ ಮಾಡ್ಬೇಕು ಹೇಳು. ನಾ ಮಾಡ್ತೀನಿ." ಗಿರೀಶ ನನ್ನನ್ನು ಎತ್ತಿಕೊಂಡು ಬಂದು ಮೆಟ್ಟಿಲಿನ ತಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದ. ನಾನು ಮೇಲಿನಿಂದ ಕೂಗುತ್ತಿದ್ದೆ, ತಾಯಿ ಮಗ ಕೆಳಗೆ ಮಾಡುತ್ತಿದ್ದರು. ನೀರೆಲ್ಲ ಚೆಲ್ಲಿ ಡಬ್ಬಿ ತಿಕ್ಕುವುದು, ಕೊಳೆತ ಬೇರು ಕತ್ತರಿಸುವುದು, ಉಳಿದದ್ದನ್ನು ತಣ್ಣೀರಲ್ಲಿ ತೊಳೆಯುವುದು, ಹೊಸ ನೀರಿಗೆ ಅರ್ಧ ಪ್ರಮಾಣದ ಊಟ ಬೆರೆಸುವುದು. ಪುಟ್ಟ ಹುಡುಗಿಯ ಜಡೆ ಬಿಡಿಸುವ ಹಾಗೆ ಅತ್ತೆ ಬೇರು ಬಿಡಿಸುತ್ತಿದ್ದಾರೆ ಎಂದು ಗಿರೀಶ ಹೇಳಿದ. ವಾರದೊಳಗೆ ಎರಡು ಗಿಡ ಸತ್ತವು. ಇನ್ನೆರಡು ಜೋತುಬಿದ್ದುಕೊಂಡೇ ಜೀವ ಹಿಡಿದುಕೊಂಡವು.

ಈ ಎರಡನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಿತ್ತು. ಪಿಎಚ್ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಬೇಕು. ಗಿರೀಶ ಆರೂವರೆಗೇ ಮನೆ ಬಿಡುತ್ತಾನೆ. ನನಗೆ ಮೆಟ್ಟಿಲು ಇಳಿಯುವುದಿರಲಿ, ವಾಕರ್ ಹಿಡಿದು ಬಾತ್‌ರೂಮು ಮುಟ್ಟಿದರೆ ದೊಡ್ಡದು. ಅತ್ತೆಯೇ ಮಾಡಬೇಕಾಯಿತು. ಅವರು ನೀರು ತೆಗೆದು, ಹನಿ ಹಾಕಿ, ಟ್ಯೂಬಿಗೆ ಬೆರಳು ಒತ್ತಿ ಹಿಡಿದು, ಹದಿಮೂರು ಮೆಟ್ಟಿಲು ಹತ್ತಿ ಬಂದು ನನಗೆ ತೋರಿಸುತ್ತಿದ್ದರು. ಅವರಿಗೂ ಮೊಣಕಾಲು ನೋವು. ಎರಡೆರಡು ಮೆಟ್ಟಿಲಿಗೆ ನಿಂತು "ಶಿವನೇ" ಅನ್ನುವುದು ಕೇಳಿಸುತ್ತಿತ್ತು.

ನಾನು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಸರಿ ಇದೆ" ಅನ್ನುತ್ತಿದ್ದೆ.

ನನಗೆ ಬಣ್ಣ ಕಾಣುತ್ತಿರಲಿಲ್ಲ.

ಹಳದಿಯೋ ಹಸಿರೋ, ಎಲ್ಲ ಒಂದೇ ಹಳೆ ಕಾಗದದ ಬಣ್ಣ. ಇದನ್ನು ಡಾಕ್ಟರಿಗೂ ಪೂರ್ತಿ ಹೇಳಲಿಲ್ಲ, ಗಿರೀಶನಿಗೂ ಹೇಳಲಿಲ್ಲ. ಕಾರು ಹೋಗಿತ್ತು, ಲ್ಯಾಬು ಹೋಗಿತ್ತು, ಮೆಟ್ಟಿಲೂ ಹೋಗಿತ್ತು. ಬಣ್ಣ ನೋಡಿ ಸರಿ ತಪ್ಪು ಹೇಳುವುದೊಂದು ಉಳಿದಿತ್ತು, ಅದನ್ನು ಬಿಡಲು ಮನಸ್ಸು ಬರಲಿಲ್ಲ. ಗಿಡ ಸತ್ತರೆ ನನ್ನದೇ ನಿದ್ದೆ ಹಾಳು ಎಂದು ಗೊತ್ತಿದ್ದೂ ಸುಳ್ಳು ಹೇಳಿದೆ. ಬುದ್ಧಿ ಇರುವವರು ಮಾಡುವ ಕೆಲಸವಲ್ಲ. ಹೆದರಿದವರು ಮಾಡುವ ಕೆಲಸ.

ತುಪ್ಪ ಮುಗಿಯಿತು. ಕಾಲು ಮತ್ತೆ ಹುರಿಗಟ್ಟಲು ಶುರುವಾಯಿತು. ಮಧ್ಯಾಹ್ನ ಅಡುಗೆ ಮುಗಿಸಿ ಅತ್ತೆ ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಅತ್ತೆಯಿಂದ ಕಾಲು ಒತ್ತಿಸಿಕೊಂಡ ಸೊಸೆ ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

"ಅತ್ತೆ, ಆವತ್ತು ನಾನು ಅಂದದ್ದು..."

"ಅಂದಿ. ನಾ ಕೇಳಿದೆ. ಆತು ಬಿಡು" ಅಂದರು. "ಈ ಬೆರಳು ಮಡಚು ನೋಡೂಣು."

ನಾನು ಅತ್ತುಬಿಟ್ಟೆ. ಎಂಆರ್‌ಐ ದಿನ ಬಾರದ ಅಳು ಆ ಮಧ್ಯಾಹ್ನ ಬಂತು. ಅವರು ಕಾಲು ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಎರಡು ಗಿಡಗಳು ಚೇತರಿಸಿಕೊಂಡವು. ಫೆಬ್ರವರಿ ಕೊನೆಗೆ ಹೊಸ ಬಿಳಿ ಬೇರು ಬಂತು. ಮಾರ್ಚಿನಲ್ಲಿ ಕೊಯ್ದೆವು. ಪುಟ್ಟ ಹೂಗಳು, ಸೇರಿಸಿದರೆ ಒಂದು ಬೊಗಸೆ. ಒಣಗಿದ ಮೇಲೆ ಅತ್ತೆ ಕೂತು ಸಣ್ಣ ಉರಿಯಲ್ಲಿ ಅವನ್ನು ತುಪ್ಪದಲ್ಲಿ ಕಾಯಿಸಿದರು. ಆ ಸಂಜೆ ಕಾಲು ಚಮಚ ತಿಂದೆ. ಕಣ್ಣು ಬಿಟ್ಟಾಗ ಬೆಳಿಗ್ಗೆ ಎಂಟಾಗಿತ್ತು. ಎರಡು ಕಾಲೂ ನೇರವಾಗಿ ಮಲಗಿದ್ದವು.

ಹಾಸಿಗೆಯಲ್ಲೇ ಯೋಚಿಸಿದೆ. ಏಳೆಂಟು ವಾರ ದಿನಕ್ಕೆರಡು ಸಲ ಕುರುಡು ಕುರುಡಾಗಿ "ಸರಿ ಇದೆ" ಅಂದಿದ್ದೇನೆ, ಒಂದು ಸಲವೂ ಪಿಎಚ್ ಕೆಡಲಿಲ್ಲವೇ? ಇಷ್ಟು ಅದೃಷ್ಟ ನನಗೆ ಯಾವತ್ತೂ ಇದ್ದದ್ದಲ್ಲ.

ಅವತ್ತು ಹತ್ತು ಗಂಟೆಗೆ ಅತ್ತೆ, ಕೊಯ್ಲಾದ ಮೇಲೆ ಡಬ್ಬಿಯಲ್ಲಿ ಇಟ್ಟ ಹೊಸ ಸಸಿಗಳ ನೀರಿನ ಟ್ಯೂಬು ಹಿಡಿದು ಬಂದಾಗ ನಾನು ಕೈ ಚಾಚಲಿಲ್ಲ.

"ಅತ್ತೆ, ನನಗೆ ಬಣ್ಣ ಗೊತ್ತಾಗ್ತಿಲ್ಲ. ಆಸ್ಪತ್ರೆಯಿಂದ ಬಂದಾಗಿಂದ ಗೊತ್ತಾಗ್ತಿಲ್ಲ. ಸುಳ್ಳು ಹೇಳ್ತಿದ್ದೆ."

ಅವರು ನನ್ನ ಮಂಚದ ಅಂಚಿನಲ್ಲಿ ಕೂತು ಮೊಣಕಾಲು ನೀವಿಕೊಂಡರು.

"ಗೊತ್ತೈತವ್ವಾ. ಮೊದಲನೇ ವಾರನs ಒಂದಿನ ಹಸರು ತಂದು ತೋರಿಸಿದೆ. ಸರಿ ಐತಿ ಅಂದಿ. ನಾ ಕೆಳಗ ಹೋಗಿ ಎರಡು ಹನಿ ಹಾಕಿ, ಹಳದಿ ಮಾಡಿ ಬಂದೆ. ಅವತ್ತಿಂದ ನಾನs ನೋಡಿಕೊಂಡು ಹೊಂಟೇನಿ."

"ಮತ್ತೆ ದಿನಾ ಎರಡು ಸಲ ಯಾಕೆ ಹತ್ತಿ ಬರ್ತಿದ್ರಿ, ಈ ಮೊಣಕಾಲು ಇಟ್ಕೊಂಡು?"

ಟ್ಯೂಬನ್ನು ನನ್ನ ಕೈಗೇ ಕೊಟ್ಟರು.

"ಅದು ನಿನ್ನ ಕೆಲಸ ಅಲ್ಲೇನು. ಕೇಳದs ಹೆಂಗ ಕಸಗೊಳ್ಳಲಿ?"

ಅತ್ತೆಯ ವೀಸಾ ಇನ್ನಾರು ತಿಂಗಳಿಗೆ ವಿಸ್ತರಣೆಯಾಗಿದೆ. ಬಲಗಣ್ಣು ತುಸು ತಿಳಿಯಾಗಿದೆ. ಪೂರ್ತಿ ಬರುತ್ತದೋ ಇಲ್ಲವೋ ಹೇಳಲಾಗದು ಎಂದು ನ್ಯೂರಾಲಜಿಸ್ಟ್ ಹೇಳಿದ್ದಾರೆ. ಈಗ ಅತ್ತೆ ಮೇಲೆ ಹತ್ತಿ ಬರುವುದಿಲ್ಲ, ಕೆಳಗಿನಿಂದಲೇ ಕೂಗುತ್ತಾರೆ. ಅವರು ಹೇಳಿದ ಬಣ್ಣವನ್ನು ನಾನು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕುತ್ತೇನೆ.