ಅಮೆರಿಕನ್ ಟೀಚರ್ ಎಲ್ಲಿ?

ಸ್ನೇಹಿತರೇ, ಸಿಟ್ಟು ಇನ್ನೂ ಇಳಿದಿಲ್ಲ, ಹಾಗೆಯೇ ಬರೆಯುತ್ತಿದ್ದೇನೆ. ಇಲ್ಲೇ ಅಮೆರಿಕದ ಟ್ರಾಯ್‌ನಲ್ಲಿ ಹುಟ್ಟಿ ಬೆಳೆದ ನನ್ನ ಮಗಳು ಅನಘಾ ಹೋದ ತಿಂಗಳು ಇಂಗ್ಲಿಷ್ ಟೀಚರ್ ಆಗಿ ಕೊರಿಯಾಕ್ಕೆ ಹೋದಳು. ಇವತ್ತು ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ಅತ್ತಳು. ಮಗುವನ್ನು ಕ್ಲಾಸಿಗೆ ಬಿಡಲು ಬಂದ ತಾಯಿಯೊಬ್ಬಳು ಇವಳ ಮುಖ ನೋಡಿ, "ಅಮೆರಿಕನ್ ಟೀಚರ್ ಎಲ್ಲಿ?" ಎಂದಳಂತೆ. ಇವಳು "ನಾನೇ" ಎಂದರೂ ನಂಬದೆ ಮಗುವನ್ನು ವಾಪಸ್ ಕರೆದುಕೊಂಡು ಹೋದಳಂತೆ.

"ನಾಳೆ ಕ್ಲಾಸಿಗೆ ಹೋಗ್ತೀಯೇನೇ?" ಎಂದು ಕೇಳಿದೆ.

"ಆಫ್ ಕೋರ್ಸ್, ಅಮ್ಮಾ" ಎಂದು ಮೂಗು ಒರೆಸಿಕೊಂಡಳು.

ಸಂಜೆ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಗೆಳತಿಯ ಮನೆ ಊಟ. ಅಲ್ಲಿ ಇದನ್ನು ಹೇಳಿಕೊಂಡರೆ, ಅವಳ ಗಂಡ ಪ್ರಸಾದ್ ತಟ್ಟೆಯಿಂದ ತಲೆಯನ್ನೂ ಎತ್ತದೆ, "ಅವರದೇನು ತಪ್ಪು ಹೇಳಿ? ಫೀಸ್ ಕೊಡೋರು ಬಿಳಿಯರನ್ನೇ ಎಕ್ಸ್‌ಪೆಕ್ಟ್ ಮಾಡ್ತಾರೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಮಗಳು ಓಕ್ ಬ್ರೂಕ್‌ನಲ್ಲಿ ಡಾಕ್ಟರ್ ಅಲ್ವಾ? ಪೇಷೆಂಟ್ ಬಂದು, ಅಮೆರಿಕನ್ ಡಾಕ್ಟರ್ ಎಲ್ಲಿ ಅಂದ್ರೆ ಅವರದೂ ತಪ್ಪಿಲ್ವಾ?" ಎಂದೆ.

"ಅದು ಬೇರೆ ವಿಷಯ."

"ಹೇಗೆ ಬೇರೆ?"

ಪ್ರಸಾದ್, "ಮೊಸರನ್ನ ತಣ್ಣಗಾಗುತ್ತೆ" ಎನ್ನುತ್ತಾ ತಟ್ಟೆ ಹಿಡಿದು ಎದ್ದು ಹೋದರು. ಮೊಸರನ್ನ ಯಾವಾಗ ಬಿಸಿಯಿತ್ತೋ, ನನಗಂತೂ ಗೊತ್ತಿಲ್ಲ.