ಪರದೆಯ ಅಂಚಿನ ಕೈ

ನಾನು ಕೊಚ್ಚಿಗೆ ವರ್ಗವಾಗಿ ಬಂದ ವರ್ಷ ಕಳಮಶ್ಶೇರಿಯಲ್ಲಿ ಒಂದು ಡಿವಿಡಿ ಬಾಡಿಗೆ ಅಂಗಡಿ ಬಾಗಿಲು ಮುಚ್ಚುತ್ತಿತ್ತು. ಯೂನಿವರ್ಸಿಟಿಯ ವಿದ್ಯಾರ್ಥಿಗಳೆಲ್ಲ ಫೋನಿನಲ್ಲೇ ಸಿನಿಮಾ ನೋಡತೊಡಗಿದ್ದರು. ಮಾಲೀಕ ಉಳಿದ ಡಿಸ್ಕುಗಳನ್ನು ಅಕ್ಕಿಚೀಲಗಳಿಗೆ ತುಂಬಿ, ಬೇಕಾದವರು ಒಯ್ಯಲಿ ಎಂದು ಮೆಟ್ಟಿಲ ಮೇಲೆ ಇಟ್ಟಿದ್ದ. ನಾನೂ ನನ್ನ ಗಂಡನೂ ಅವತ್ತು ಒಂದು ಬಕೆಟ್ಟು ಕೊಳ್ಳಲು ಆ ಕಡೆ ಹೋಗಿದ್ದೆವು.

ಧಾರವಾಡ ಬಿಟ್ಟು ಮೂರು ತಿಂಗಳಾಗಿತ್ತು. ಇಬ್ಬರಿಗೂ ಮಲಯಾಳಂ ಬರುತ್ತಿರಲಿಲ್ಲ. ಕೇಂದ್ರ ಸರ್ಕಾರದ ನನ್ನ ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ದಿನ ಸಾಗುತ್ತಿತ್ತು. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಗಂಡನದೂ ಅದೇ ಪಾಡು. ಸಂಜೆ ಫ್ಲಾಟಿಗೆ ಬಂದು ಟಿವಿ ಹಚ್ಚಿದರೆ ಯಾರು ಯಾರ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಅದಕ್ಕೇ ನಾನು ಚೀಲದೊಳಗೆ ಕೈಹಾಕಿ, ಮೇಲೆ ಕುದುರೆಯೂ ಅಗಲ ಟೋಪಿಯೂ ಇದ್ದ ಒಂದು ಡಿಸ್ಕನ್ನು ಆರಿಸಿದೆ. ಕುದುರೆ, ಟೋಪಿ, ಪಿಸ್ತೂಲು ಇದ್ದರೆ ಭಾಷೆಯ ಹಂಗಿರುವುದಿಲ್ಲ ಎಂಬುದು ನನ್ನ ಲೆಕ್ಕ. ಬಕೆಟ್ಟಿನಲ್ಲಿ ಅದನ್ನು ಹಾಕಿಕೊಂಡು ಬಸ್ಸು ಹತ್ತಿದೆವು.

ಅದು ನಮಗೆ ತಿಳಿಯದ ಯಾವುದೋ ಯುರೋಪಿನ ಭಾಷೆಯ ಹಳೆಯ ಕೌಬಾಯ್ ಹಾಸ್ಯಚಿತ್ರ. ಯಾರೋ ಗಲ್ಫಿನಿಂದ ತಂದ ಕಳ್ಳಪ್ರತಿಯಿರಬೇಕು; ಪರದೆಯ ಕೆಳಗಡೆ ಅರಬ್ಬಿ ಅಕ್ಷರಗಳು ನಾಯಕನ ಗದ್ದದವರೆಗೂ ಏರಿ ನಿಲ್ಲುತ್ತಿದ್ದವು. ಮರಳುಗಾಡು ಹಸಿರಾಗಿತ್ತು, ನಾಟಿ ಮುಗಿದ ಗದ್ದೆಯ ಹಸಿರು. ಯಾರಾದರೂ ಓಡಿದರೆ ಅವರ ಮುಖ ಚೌಕುಳಿ ಚೌಕುಳಿಯಾಗಿ ಒಡೆದು, ನಿಂತ ಮೇಲೆ ಮತ್ತೆ ಕೂಡಿಕೊಳ್ಳುತ್ತಿತ್ತು. ಗುಂಡು ತಗುಲಿದವನು ಬಿದ್ದ ಮೇಲೆ ಪಿಸ್ತೂಲಿನ ಸದ್ದು ಬರುತ್ತಿತ್ತು. ಹಾಸ್ಯಚಿತ್ರವಲ್ಲವೇ, ಅದೂ ಬೇಕೆಂದೇ ಮಾಡಿದ್ದು ಎಂದುಕೊಂಡು ನಾವು ನಕ್ಕೆವು.

ಕಥೆ ಸರಳ. ಪುಕ್ಕಲು ದರ್ಜಿಯೊಬ್ಬ ದರೋಡೆಕೋರರೇ ತುಂಬಿರುವ ಊರಿಗೆ ಬಂದು ಅಂಗಡಿ ಇಡುತ್ತಾನೆ. ಅವನ ಸೊಂಟದಲ್ಲಿ ಪಿಸ್ತೂಲಿಲ್ಲ, ಅಳತೆಪಟ್ಟಿ ಇದೆ. ಎಂಥ ಕ್ರೂರಿ ಎದುರು ನಿಂತರೂ ಅವನು ಪಟ್ಟಿ ಎಳೆದು ಭುಜ, ಎದೆ, ಎತ್ತರ ಅಳೆಯತೊಡಗುತ್ತಾನೆ. ಅಳೆಯುತ್ತಿದ್ದಂತೆ ಆ ಕ್ರೂರಿ ಬಿಳಿಚಿಕೊಂಡು ಕುದುರೆ ಹತ್ತಿ ಊರು ಬಿಡುತ್ತಾನೆ. ಒಂದು ಅಳತೆಪಟ್ಟಿಗೆ ಅಷ್ಟು ದೊಡ್ಡ ಗಂಡಸರು ಯಾಕೆ ಹೆದರುತ್ತಾರೆ ಎಂಬುದಕ್ಕೆ ಚಿತ್ರದಲ್ಲಿ ಎಲ್ಲೂ ಉತ್ತರವಿರಲಿಲ್ಲ. ನನಗೆ ಹಿಡಿಸಿದ್ದು ಅದೇ.

ಅದಕ್ಕಿಂತ ಹೆಚ್ಚು ಹಿಡಿಸಿದ್ದು ಕೈ. ದರ್ಜಿಗೆ ಏನಾದರೂ ಬೇಕಾದಾಗ ಪರದೆಯ ಬಲ ಅಂಚಿನಿಂದ ಒಂದು ಕೈ ಬರುತ್ತಿತ್ತು. ಮಣಿಕಟ್ಟಿನವರೆಗೆ ಕರಿ ಕೋಟಿನ ತೋಳು, ದಪ್ಪ ಬೆರಳುಗಳು. ಕತ್ತರಿ ಕೊಡುವುದು, ಸೀಸದಕಡ್ಡಿ ಕೊಡುವುದು, ಒಮ್ಮೊಮ್ಮೆ ಒಂದು ಗುಟುಕು ನೀರು ಕೊಡುವುದು. ಆ ಕೈಯ ಯಜಮಾನ ಇಡೀ ಚಿತ್ರದಲ್ಲಿ ಕಾಣುವುದೇ ಇಲ್ಲ. ದರ್ಜಿ ಆ ಕಡೆ ತಿರುಗಿ ಸುಖದುಃಖ ಹೇಳಿಕೊಳ್ಳುತ್ತಾನೆ, ಅಲ್ಲಿ ಬರೀ ಗೋಡೆ. ಉತ್ತರವೂ ಬರುವುದಿಲ್ಲ. ಇಂಥ ಧೈರ್ಯದ ಕಲ್ಪನೆ ನಾನು ಬೇರೆಲ್ಲೂ ಕಂಡಿರಲಿಲ್ಲ.

ಹನ್ನೆರಡು ವರ್ಷ ಆ ಡಿಸ್ಕು ನಮ್ಮ ಮನೆಯಲ್ಲಿ ಓಡಿತು. ಜ್ವರ ಬಂದಾಗ, ಊರಿಂದ ನೆಂಟರು ಬಂದಾಗ, ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟಾಗ ಅದನ್ನೇ ಹಾಕುತ್ತಿದ್ದೆವು. ನಡುವೆ ಮಗಳು ಹುಟ್ಟಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತ ಬೆಳೆದಳು. ಅವಳೂ ಕೈಯ ಭಕ್ತೆಯಾದಳು. ಶಾಲೆಯ ಚೀಟಿಗೆ ಸಹಿ ಬೇಕಾದರೆ ಬಾಗಿಲ ಮರೆಯಲ್ಲಿ ನಿಂತು ಕೈಯೊಂದನ್ನೇ ಚಾಚುತ್ತಿದ್ದಳು. ನಾನೂ ಹಾಗೇ ಮರೆಯಿಂದ ಪೆನ್ನು ಕೊಡುತ್ತಿದ್ದೆ.

ಆಮೇಲೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಮಗಳೊಂದಿಗೆ ಶ್ರೀಕಾರ್ಯಂನಲ್ಲಿ ಒಂದು ಮನೆಯ ಮಹಡಿ ಹಿಡಿದೆ. ಗಂಡ ಕಾಕ್ಕನಾಡಿನಲ್ಲೇ ಉಳಿದು ಶನಿವಾರ ರೈಲಿಗೆ ಬರುತ್ತಿದ್ದರು. ಕೆಳಗೆ ಮನೆಯ ಮಾಲೀಕರು, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ ಊರಿನ ರೂಢಿಯಂತೆ ಎಲ್ಲರೂ ಅವರನ್ನು ಸಾರ್ ಎನ್ನುತ್ತಿದ್ದರು, ಅವರ ಹೆಂಡತಿ ಕೂಡ. ಬಡಾವಣೆಯ ವಾಚನಾಲಯದ ಮಹಡಿಯಲ್ಲಿ ಅವರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಿನಿಮಾ ತೋರಿಸುತ್ತಿದ್ದರು. ಇಪ್ಪತ್ತೈದು ಮೂವತ್ತು ಜನ ಸೇರುತ್ತಿದ್ದರು, ಬಹುತೇಕ ನಿವೃತ್ತರು. ಸಿನಿಮಾ ಮುಗಿದ ಮೇಲೆ ಚಹಾ, ಪಳಂಪೊರಿ, ಚರ್ಚೆ. ಬಾಳೆಹಣ್ಣಿನ ಆ ಬಜ್ಜಿ ಮುಗಿದರೂ ಚರ್ಚೆ ಮುಗಿಯುತ್ತಿರಲಿಲ್ಲ.

ಸಾರ್‌ಗೆ ಒಂದು ಹಟವಿತ್ತು. ಫೋನಿನಲ್ಲಿ, ಇಂಟರ್‌ನೆಟ್ಟಿನಲ್ಲಿ ಬರುವ ಸಿನಿಮಾ ಅವರಿಗೆ ಆಗದು. ಹಳೆಯ ಚಿತ್ರಗಳ ಮೂಲ ರೀಲು ಹುಡುಕಿ, ಗೀರು ಕಲೆ ತೆಗೆದು, ಹೊಸದಾಗಿ ಮಾಡಿದ ಬ್ಲೂ-ರೇ ಡಿಸ್ಕುಗಳನ್ನು ಹೊರದೇಶದಿಂದ ತರಿಸುತ್ತಿದ್ದರು. ಅದರ ಸೀಲನ್ನು ಪ್ರೇಕ್ಷಕರ ಎದುರಿಗೇ ಒಡೆಯಬೇಕು, ಮುಂಚೆ ತಾವೂ ನೋಡಬಾರದು, ಎಲ್ಲರೊಂದಿಗೆ ಮೊದಲ ಸಲ ನೋಡಬೇಕು ಎಂಬುದು ಅವರ ನಿಯಮ. ಒಂದು ದಿನ ಅವರ ಕೈಯಲ್ಲಿದ್ದ ಡಿಸ್ಕಿನ ಹೆಸರು ನೋಡಿದೆ. ನಮ್ಮ ದರ್ಜಿಯ ಚಿತ್ರ.

ಹನ್ನೆರಡು ವರ್ಷದಿಂದ ಇದನ್ನು ನೋಡುತ್ತಿದ್ದೇನೆ ಎಂದು ಹೇಳಿದೆ. ಅವರ ಕಣ್ಣರಳಿತು. ತಾವೇ ನೋಡಿಲ್ಲವಂತೆ. ನಾನು ಕೈಯ ವಿಷಯ ವಿವರಿಸಿದೆ. ಇಡೀ ಚಿತ್ರದಲ್ಲಿ ಒಡೆಯನಿಲ್ಲದ ಒಂದು ಕೈ ಪಾತ್ರ ಮಾಡುತ್ತದೆ ಎಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಭಾನುವಾರ ಚಿತ್ರ ಶುರುವಾಗುವ ಮೊದಲು ನಾನೇ ಹತ್ತು ನಿಮಿಷ ಮಾತನಾಡಬೇಕೆಂದರು. ನನ್ನ ಮಲಯಾಳಂ ಮೀನಿನ ಅಂಗಡಿಗೆ ಸಾಕಾಗುವಷ್ಟು ಮಾತ್ರ ಎಂದೆ. ಅಷ್ಟು ಸಾಕು ಎಂದರು.

ವಾರವಿಡೀ ಕೂತು ನಾಲ್ಕು ಪುಟ ಬರೆದೆ. ಮಲಯಾಳಂ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಮಗಳ ಎದುರು ಓದಿದೆ. ಅವಳು ಉಚ್ಚಾರಣೆ ತಿದ್ದಿದಳು. ಬರೆಯುತ್ತ ಹೋದಂತೆ ಕೈಗೆ ಅರ್ಥಗಳು ಹುಟ್ಟಿದವು. ಮೊದಲ ಪುಟದಲ್ಲಿ ಅದು ಬರೀ ಕೈ. ಎರಡನೆಯದರಲ್ಲಿ ಒಂಟಿ ಮನುಷ್ಯನ ಆಸೆ. ನಾಲ್ಕನೆಯ ಪುಟಕ್ಕೆ ಬರುವಾಗ ಅದು ವಿಧಿಯ ಕೈಯೇ ಆಗಿತ್ತು. ಅಳತೆಪಟ್ಟಿಗೆ ಕ್ರೂರಿಗಳು ಹೆದರುವುದನ್ನೂ ಬಿಡಲಿಲ್ಲ. ತನ್ನ ಅಳತೆ ತನಗೇ ತಿಳಿದುಬಿಟ್ಟೀತೆಂಬುದೇ ಮನುಷ್ಯನ ದೊಡ್ಡ ಭಯ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಶನಿವಾರ ಬಂದ ಗಂಡ ನಾಲ್ಕೂ ಪುಟ ಓದಿ, “ಭಾಳ ಛಲೋ ಬರದೀ. ನಾ ಇದನ್ನೆಲ್ಲಾ ನೋಡೇ ಇದ್ದಿಲ್ಲ” ಎಂದರು.

ಭಾನುವಾರ ವಾಚನಾಲಯ ತುಂಬಿತ್ತು. ನಾನು ಕೇರಳದ ಸೀರೆ ಉಟ್ಟು ಹೋಗಿದ್ದೆ. ಸಾರ್ ನನ್ನನ್ನು ಈ ಚಿತ್ರವನ್ನು ಆಳವಾಗಿ ಅಭ್ಯಾಸ ಮಾಡಿದವರು ಎಂದು ಪರಿಚಯಿಸಿದರು. ನಾನು ಓದಿದೆ. ಕೈಯ ಒಡೆಯನನ್ನು ಹುಡುಕಬೇಡಿ, ನಿರ್ದೇಶಕ ಅವನನ್ನು ಬೇಕೆಂದೇ ಬಚ್ಚಿಟ್ಟಿದ್ದಾನೆ, ಕಾಣದಿರುವುದರಲ್ಲೇ ಅವನ ಶಕ್ತಿಯಿದೆ ಎಂದು ಮುಗಿಸಿದಾಗ ಜನ ಮನಸಾರೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ನರ್ಸ್ ಒಬ್ಬರು ತಮ್ಮ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ನಾನು ಗಂಡ ಮಗಳ ನಡುವೆ ಹೋಗಿ ಕೂತೆ. ಸಾರ್ ಎಲ್ಲರೆದುರು ಸೀಲು ಒಡೆದರು.

ಮೊದಲು ಕಂಡದ್ದು ಮರಳುಗಾಡಿನ ಬಣ್ಣ. ಅದು ಹಸಿರಾಗಿರಲಿಲ್ಲ, ಬೆಲ್ಲದ ಪುಡಿಯಂತಿತ್ತು. ಆಕಾಶ ಎಷ್ಟು ನಿಚ್ಚಳವಾಗಿತ್ತೆಂದರೆ ಹಿಂದಿನ ಸಾಲಿನಲ್ಲಿ ಯಾರೋ ಹಿತವಾಗಿ ನಿಟ್ಟುಸಿರಿಟ್ಟರು. ಚಿತ್ರ ಗೋಡೆಯ ಈ ತುದಿಯಿಂದ ಆ ತುದಿಗೆ ಹರಡಿಕೊಂಡಿತ್ತು. ಇಷ್ಟು ಅಗಲವಿತ್ತೇ ಎಂದು ನನಗೆ ಸಣ್ಣ ಅನುಮಾನ ಬಂತು. ಅಷ್ಟರಲ್ಲಿ ಅಂಗಡಿಯ ದೃಶ್ಯ. ದರ್ಜಿ ಕೈ ಚಾಚಿದ. ಬಲಗಡೆಯಿಂದ ಕೈ ಬಂತು. ಕೈಯ ಹಿಂದೆ ತೋಳಿತ್ತು. ತೋಳಿನ ಹಿಂದೆ ಕರಿ ಕೋಟು ತೊಟ್ಟ, ಜೋಲು ಮೀಸೆಯ, ದಪ್ಪನೆಯ ಒಬ್ಬ ಮನುಷ್ಯ ಪೂರ್ತಿಯಾಗಿ ನಿಂತಿದ್ದ.

ಮಗಳು ನನ್ನ ಕಿವಿಯ ಹತ್ತಿರ ಬಾಗಿ, “ಅಮ್ಮೇ, ಕೈಯ್ಯುಡೆ ಆಳ್ ವನ್ನು” ಎಂದಳು. ಕೈಯ ಮನುಷ್ಯ ಬಂದ ಎಂದು. ಗಂಡ ಪರದೆಯಿಂದ ಕಣ್ಣು ತೆಗೆಯದೆ, “ಈಂವ ಇಷ್ಟ ವರ್ಷ ಎಲ್ಲಿದ್ದ?” ಎಂದರು.

“ಸುಮ್ನ ಕೂಡ್ರಿ” ಎಂದೆ.

ಆಗ ನರ್ಸಮ್ಮ ನಕ್ಕರು. ಅವರು ತಡೆಯಲು ನೋಡಿದ್ದರು, ಆಗಲಿಲ್ಲ. ಅವರಿಂದ ನಗು ಎರಡನೆಯ ಸಾಲಿಗೆ, ಅಲ್ಲಿಂದ ಹಿಂದಕ್ಕೆ ಹಬ್ಬಿತು. ನನಗೆ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದು ಓಡಬೇಕೆನಿಸಿತು, ಆದರೆ ನಾನು ಸಾಲಿನ ನಟ್ಟನಡುವೆ ಸಿಕ್ಕಿಕೊಂಡಿದ್ದೆ.

ಮುಂದೆ ನೋಡುತ್ತ ಹೋದಂತೆ ಇನ್ನೂ ಕಷ್ಟವಾಯಿತು. ಆ ದಪ್ಪ ಮನುಷ್ಯ ಊರಿನ ಶವಪೆಟ್ಟಿಗೆ ಮಾಡುವ ಬಡಗಿ. ಮಾತು ಬಾರದವನು, ಅದಕ್ಕೇ ಅವನ ದನಿ ನಾವು ಕೇಳಿರಲಿಲ್ಲ. ಅಂಗಡಿಯ ಅರ್ಧ ಭಾಗ ಅವನದು. ದರ್ಜಿ ಒಬ್ಬೊಬ್ಬ ಕ್ರೂರಿಯ ಎತ್ತರ ಅಳೆದಾಗಲೂ ಇವನು ಪಕ್ಕದಲ್ಲಿ ನಿಂತು ಆ ಅಳತೆಯನ್ನು ಹಲಗೆಯ ಮೇಲೆ ಗುರುತಿಸಿಕೊಂಡು ಗರಗಸ ಎತ್ತಿಕೊಳ್ಳುತ್ತಿದ್ದ. ಕ್ರೂರಿಗಳು ಹೆದರಿ ಓಡುತ್ತಿದ್ದುದು ಅದಕ್ಕೆ. ತನ್ನ ಅಳತೆ ತನಗೆ ತಿಳಿಯುವ ಭಯವೂ ಇಲ್ಲ, ಮಣ್ಣೂ ಇಲ್ಲ. ಆ ಗರಗಸ ಮೊದಲ ಸಲ ಮೇಲೆದ್ದಾಗ ಜನ ಒಮ್ಮೆ ಪರದೆಗೂ ಒಮ್ಮೆ ನನ್ನ ಕಡೆಗೂ ತಿರುಗಿ ನಕ್ಕರು. ಮೂರನೆಯ ಸಲಕ್ಕೆ ನಾನೂ ನಕ್ಕೆ. ತಡೆಯಲಾಗುವ ಹಾಗಿರಲಿಲ್ಲ, ಆ ನಟ ಹುಬ್ಬನ್ನೂ ಎತ್ತದೆ, ಗಿರಾಕಿಯ ತಲೆಯಿಂದ ಕಾಲಿನವರೆಗೆ ಒಮ್ಮೆ ಪ್ರೀತಿಯಿಂದ ನೋಡಿ ಮರ ಆರಿಸುತ್ತಿದ್ದ. ಜನರ ಎದುರು ಆದ ನಾಚಿಕೆಗಿಂತ ಅವನ ಎದುರು ಆದ ನಾಚಿಕೆಯೇ ನನಗೆ ಹೆಚ್ಚು ತಾಗಿತು. ಅಷ್ಟು ಚೆಂದ ಅಭಿನಯಿಸಿದವನನ್ನು ಹನ್ನೆರಡು ವರ್ಷ ಮಣಿಕಟ್ಟಿನವರೆಗೆ ಮಾತ್ರ ನೋಡಿ, ಅವನೇ ಇಲ್ಲ ಎಂದು ಭಾಷಣ ಮಾಡಿದ್ದೆ.

ಚಿತ್ರ ಮುಗಿದ ಮೇಲೆ ಸಾರ್ ಎದ್ದು ಒಬ್ಬ ಎಂಜಿನಿಯರನ ಶಾಂತಿಯಿಂದ ವಿವರಿಸಿದರು. ಸಿನಿಮಾದ ಪರದೆ ಅಗಲ, ಹಳೆಯ ಟಿವಿ ಹೆಚ್ಚುಕಡಿಮೆ ಚೌಕ. ಟಿವಿಯಲ್ಲಿ ಮೇಲೆ ಕೆಳಗೆ ಕರಿ ಪಟ್ಟಿ ಕಾಣದಿರಲಿ ಎಂದು ಆಗ ಪ್ರತಿ ಮಾಡುವವರು ಎರಡು ಬದಿಯನ್ನೂ ಕತ್ತರಿಸಿಬಿಡುತ್ತಿದ್ದರು. ಬಡಗಿ ಆ ಕತ್ತರಿಗೆ ಸಿಕ್ಕಿದ್ದ. ಆಮೇಲೆ ನನ್ನ ಕಡೆ ತಿರುಗಿ, “ಸಾರಮಿಲ್ಲ ಮೋಳೆ” ಎಂದರು. ಪರವಾಗಿಲ್ಲ ಮಗಳೇ ಎಂಬ ಆ ಮಾತು ಕೇಳಿದ ಮೇಲೆಯೇ ನನಗೆ ಅಳು ಬಂದಂತಾದದ್ದು.

ಏನಾದರೂ ಹೇಳಲೇಬೇಕಿತ್ತು. ಎದ್ದು ನಿಂತು, ನಾನು ಇಷ್ಟು ವರ್ಷ ನೋಡಿ ನಕ್ಕದ್ದು ಯಾರೂ ತೆಗೆಯದ ಒಂದು ಸಿನಿಮಾವನ್ನು, ಕ್ಷಮಿಸಿ ಎಂದೆ. ನರ್ಸಮ್ಮ ಒಪ್ಪಲಿಲ್ಲ. ಆ ಮನುಷ್ಯ ಇಲ್ಲವೇ ಇಲ್ಲ ಎಂದು ನಾನು ಮೊದಲೇ ಹೇಳಿದ್ದರಿಂದ, ಅವನು ಬಂದಾಗಲೆಲ್ಲ ತಮಗೆ ಎರಡು ಪಟ್ಟು ನಗು ಬಂತು ಎಂದರು. ಅದು ಬೇಕೆಂದೇ ಹೂಡಿದ ತಮಾಷೆ ಎಂದು ಅವರು ಅರ್ಧ ಚಿತ್ರದವರೆಗೂ ತಿಳಿದಿದ್ದರಂತೆ. ಹಾಗೆಂದೇ ತಿಳಿದುಕೊಂಡಿರಿ ಎಂದೆ. ಎಲ್ಲರಿಗೂ ನನ್ನ ಹಳೆಯ ಡಿಸ್ಕು ನೋಡುವ ಆಸೆಯಾಯಿತು.

ಅದಕ್ಕಾಗಿ ಮಾರನೆಯ ಭಾನುವಾರವೇ ಮತ್ತೆ ಸೇರಿದರು. ಗೋಡೆಯ ಮೇಲೆ ದೊಡ್ಡದಾಗಿ ಬಿದ್ದಾಗ ನಮ್ಮ ಡಿಸ್ಕಿನ ದುರವಸ್ಥೆ ನನಗೇ ಗಾಬರಿ ಹುಟ್ಟಿಸಿತು. ಮುಖಗಳು ಮುಖಗಳಾಗಿರಲಿಲ್ಲ. ಆದರೂ ಯಾರೂ ಏಳಲಿಲ್ಲ. ಕೈ ಬಂದಾಗಲೆಲ್ಲ ಬಡಗಿ ಈಗ ಅಲ್ಲಿ ಏನು ಮಾಡುತ್ತಿದ್ದಾನೆಂದು ಪ್ರೇಕ್ಷಕರೇ ಜೋರಾಗಿ ಹೇಳಿದರು. ಕೊನೆಗೆ ಎರಡು ಪಕ್ಷವಾಯಿತು. ಸಾರ್ ಮತ್ತು ಹೆಚ್ಚಿನವರು ಶುದ್ಧ ಪ್ರತಿಯ ಕಡೆ. ನಾಲ್ಕೈದು ಜನ ಕೈಯ ಕಡೆ. ನನ್ನ ಗಂಡ ಅವತ್ತಿನ ರೈಲು ತಪ್ಪಿಸಿಕೊಂಡು, ತಮಗೆ ಬರುವ ಅಷ್ಟಿಷ್ಟು ಮಲಯಾಳದಲ್ಲಿ ಕೈಯ ಪರವಾಗಿ ವಾದಿಸಿದರು. ಮಗಳು ಬಡಗಿಯ ಪಕ್ಷ ಸೇರಿಕೊಂಡಳು. ನಾನು ಯಾವ ಕಡೆಗೂ ಹೋಗದೆ ಚಹಾ ಹಂಚಿದೆ.

ಮುಂದಿನ ತಿಂಗಳ ಚಿತ್ರಕ್ಕೂ ನಾನೇ ಮಾತನಾಡಬೇಕೆಂದು ಸಾರ್ ಹೇಳಿದಾಗ ಒಂದು ಷರತ್ತು ಹಾಕಿದೆ, ಡಿಸ್ಕು ನನಗೆ ಮುಂಚೆಯೇ ಕೊಡಬೇಕು. ಅವರು ತುಸು ನೊಂದರೂ ನಿಯಮ ಮುರಿದು ಕೊಟ್ಟರು. ಅದು ಹೋಟೆಲೊಂದರಲ್ಲಿ ನಡೆಯುವ ಹಳೆಯ ನಗೆಚಿತ್ರ. ಎರಡು ಸಲ ನೋಡಿದೆ. ಡಬ್ಬಿಯೊಳಗಿನ ಸಣ್ಣ ಪುಸ್ತಕ ಓದಿದೆ. ಅಗಲ, ಬಣ್ಣ, ಧ್ವನಿ, ಎಲ್ಲ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು ಒಂದೂ ತಪ್ಪಿಲ್ಲದ ಆರು ಪುಟ ಬರೆದೆ. ಓದುವಾಗ ಮೂರನೆಯ ಪುಟಕ್ಕೆ ಇಬ್ಬರು ಫೋನ್ ಬಂತೆಂದು ಹೊರಗೆ ಹೋದರು. ಐದನೆಯ ಪುಟಕ್ಕೆ ಬರುವಾಗ ಹಿಂದಿನ ಸಾಲಿನವರು ಪಳಂಪೊರಿ ತಿನ್ನಲು ಶುರುಮಾಡಿದ್ದರು. ನರ್ಸಮ್ಮ ಮಾತ್ರ ಕಡೆಯವರೆಗೂ ಕಣ್ಣುಬಿಟ್ಟು ಕಾದರು. ಎಲ್ಲಿಯಾದರೂ ನಾನು ಎಡವಿದರೆ ತಪ್ಪಿಹೋಗಬಾರದೆಂದು ಕಾದಂತಿತ್ತು.

ಮುಗಿದ ಮೇಲೆ ಸಾರ್ ನನ್ನ ಜೊತೆ ಮನೆಯವರೆಗೆ ನಡೆದು ಬಂದರು. ಗೇಟಿನ ಹತ್ತಿರ ನಿಂತು, ಬಹಳ ಸಂಕೋಚದಿಂದ, ಇವತ್ತಿನ ಮಾತು ತುಂಬ ಸರಿಯಾಗಿತ್ತು ಎಂದರು. ಮುಂದಿನ ಸಲ ಮುಂಚೆಯೇ ಸೀಲು ಒಡೆಯದೇ ಇರೋಣ ಎಂದೂ ಹೇಳಿದರು. ನಾನು ಹೂಂ ಎಂದು ಮಹಡಿ ಹತ್ತಿದೆ.