ಮುಕ್ತಾತ್ಮನೂ ಭಾನುವಾರದ ಗುಂಡಿನ ಕಾಳಗವೂ

ಕನ್ನಡಕದ ಅಂಗಡಿಯವನಿಗೆ ಮುಕ್ತಾತ್ಮ ಎಂದು ಹೆಸರಿಟ್ಟವಳು ಅವನ ಹೆಂಡತಿಯ ಅಕ್ಕ. ಮದುವೆಯಾದ ಹೊಸತರಲ್ಲಿ ಅವನು ಊಟದ ಮೇಜಿನ ಮುಂದೆ ಕೂತು ಮುಕ್ತ ತಂತ್ರಾಂಶದ ಬಗ್ಗೆ ಮಾತು ತೆಗೆದಿದ್ದ. ಊಟ ಮುಗಿಯಿತು, ತಟ್ಟೆಗಳನ್ನು ತೊಳೆದು ಒರೆಸಿ ಇಟ್ಟಿದ್ದೂ ಆಯಿತು, ಮಾತು ಮುಗಿಯಲಿಲ್ಲ. ಕಂಪ್ಯೂಟರಿನ ಒಳಗೆ ಏನು ನಡೆಯುತ್ತಿದೆಯೆಂದು ನೋಡುವ, ಬೇಕಾದರೆ ಬಿಚ್ಚಿ ತಿದ್ದುವ ಹಕ್ಕು ಪ್ರತಿಯೊಬ್ಬ ಮನುಷ್ಯನಿಗೂ ಇರಬೇಕು, ಆದ್ದರಿಂದ ಎಲ್ಲರೂ ಕಂಪನಿಯ ಬೀಗವಿರುವ ವಿಂಡೋಸ್ ಬಿಟ್ಟು ಬೀಗವಿಲ್ಲದ ಲಿನಕ್ಸ್ ಹಾಕಿಕೊಳ್ಳಬೇಕು ಎಂಬುದು ಅವನ ವಾದ. ವಾದದಲ್ಲಿ ತಪ್ಪೇನೂ ಇಲ್ಲ. ಆದರೆ ಸರಿಯಾದ ವಾದವೊಂದು ಕೈಗೆ ಸಿಕ್ಕ ಮನುಷ್ಯ ಕೊಡುವಷ್ಟು ಕಾಟವನ್ನು ತಪ್ಪು ವಾದದವರು ಕೊಡಲಾರರು.

ಅವನ ಅಂಗಡಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಇದೆ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, “ಈಗ ಚೆನ್ನಾಗಿದೆಯಾ? ಮೊದಲೇ ಚೆನ್ನಾಗಿತ್ತಾ?” ಎಂದು ಬೇಸರವಿಲ್ಲದೆ ಕೇಳುತ್ತಾನೆ. ಕೆಲಸ ಅಚ್ಚುಕಟ್ಟು. ತೊಂದರೆಯೆಂದರೆ ಗಾಜು ಉಜ್ಜುವಾಗ ಬಾಯಿಗೆ ಬಿಡುವಿರುತ್ತದೆ. ಓದುವ ಕನ್ನಡಕಕ್ಕೆಂದು ಬಂದ ನಿವೃತ್ತ ಟೈಪಿಸ್ಟರೊಬ್ಬರು ಅವನ ಮಾತಿಗೆ ಮರುಳಾಗಿ ತಮ್ಮ ಲ್ಯಾಪ್‌ಟಾಪನ್ನೂ ಬಿಟ್ಟುಹೋದರು. ಕನ್ನಡಕ ಆ ವಾರವೇ ಸಿಕ್ಕಿತು. ಲ್ಯಾಪ್‌ಟಾಪೂ ಸಿಕ್ಕಿತು, ಮೊದಲಿಗಿಂತ ಚುರುಕಾಗಿಯೇ ಸಿಕ್ಕಿತು. ಅವರ ಪ್ರಿಂಟರಿಗೆ ಮಾತ್ರ ಅಂದಿನಿಂದ ಅದರ ಪರಿಚಯವಿಲ್ಲ.

ಮನೆಯ ಕಂಪ್ಯೂಟರ್ ಇದ್ದದ್ದು ನಡುಮನೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕ. ಅದು ಹೆಂಡತಿಯದು. ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಯುವ ಆಕೆ ವಾರವೆಲ್ಲ “ಉಸಿರು ಬಿಗಿ ಹಿಡೀರಿ, ಅಲ್ಲಾಡಬೇಡಿ” ಎಂದು ಹೇಳಿ ಹೇಳಿ ಸುಸ್ತಾಗಿ, ಭಾನುವಾರ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಗುಂಡು ಹಾರಿಸಲು ಕೂರುತ್ತಿದ್ದಳು. ಇಬ್ಬಿಬ್ಬರು ಜೋಡಿಯಾಗಿ, ಪಾಳುಬಿದ್ದ ಕಟ್ಟಡಗಳಲ್ಲಿ ಬೇರೆ ಜೋಡಿಗಳನ್ನು ಬೇಟೆಯಾಡುವ ಆಟ ಅದು. ಆಕೆಯ ಜೋಡಿ ಸ್ವಂತ ಅಕ್ಕ.

ಈ ಅಕ್ಕ ಗಣಿತದ ಟೀಚರ್. ಪರೀಕ್ಷೆಯ ಕೋಣೆಯಲ್ಲಿ ಸ್ವಂತ ಗೆಳತಿಯ ಮಗಳು ಚೀಟಿ ಇಟ್ಟುಕೊಂಡದ್ದನ್ನು ಹಿಡಿದು, ಹುಡುಗಿಯನ್ನು ಹೊರಗೆ ಕಳಿಸಿ, ಗೆಳತಿಯನ್ನೂ ಕಳೆದುಕೊಂಡು, ಎರಡಕ್ಕೂ ಪಶ್ಚಾತ್ತಾಪಪಡದ ಹೆಂಗಸು. ತಾಯಿಯ ಕೊನೆಯ ಕಾಯಿಲೆಯಲ್ಲಿ ಯಾರು ಹೆಚ್ಚು ನೋಡಿಕೊಂಡರು, ಯಾರು ಕಡಿಮೆ ಎಂದು ಅಕ್ಕತಂಗಿಯರಿಗೆ ಜಗಳವಾಗಿ, ಹೋಗುವುದು ಬರುವುದು ನಿಂತು, ಫೋನೂ ನಿಂತು ವರ್ಷಗಳಾಗಿದ್ದವು. ಮಕ್ಕಳು ತರಗತಿಯಲ್ಲಿ ತೂಕಡಿಸುವುದು ಯಾಕೆಂದು ಪತ್ತೆಮಾಡಲು ಈ ಆಟಕ್ಕೆ ಕೈಹಾಕಿದ ಅಕ್ಕ ಪತ್ತೆ ಮುಗಿದ ಮೇಲೂ ಕೈ ತೆಗೆಯಲಿಲ್ಲ. ಅದು ತಂಗಿಯ ಕಿವಿಗೆ ಬಿತ್ತು. ಒಂದು ಭಾನುವಾರ ಆಕೆ ತಾನೂ ಆಟಕ್ಕೆ ಸೇರಿ ಅಕ್ಕನ ಪಕ್ಕ ಹೋಗಿ ನಿಂತಳು, “ಬಂದೆ” ಅಂದಳು. ಅಕ್ಕನಿಗೆ ದನಿಯ ಗುರುತು ಹತ್ತಿತು. “ಎಡಗಡೆ ಕಿಟಕಿ ನೋಡ್ಕೋ,” ಅಂದಳು.

ಅಂದಿನಿಂದ ಅವರ ನಡುವೆ ಇದ್ದ ಸಂಬಂಧವೆಲ್ಲ ಅಷ್ಟೇ. ಎಡಕ್ಕೆ, ಬಲಕ್ಕೆ, ಮೆಟ್ಟಿಲ ಮೇಲೆ ಒಬ್ಬ, ಗುಂಡು ಖಾಲಿ. ಹುಷಾರಿದ್ದೀಯಾ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಮುಕ್ತಾತ್ಮನಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು. ಆಪರೇಟಿಂಗ್ ಸಿಸ್ಟಮಿಗೂ ಇದಕ್ಕೂ ಏನು ಸಂಬಂಧ ಎಂದು ಮಾತ್ರ ತಿಳಿದಿರಲಿಲ್ಲ.

ಒಂದು ದಿನ ಹೆಂಡತಿ ಡ್ಯೂಟಿಗೆ ಹೋಗಿದ್ದಾಗ ಅವನು ಅವಳ ಕಂಪ್ಯೂಟರಿನಿಂದ ವಿಂಡೋಸನ್ನು ಬೇರುಸಹಿತ ಕಿತ್ತು ಲಿನಕ್ಸ್ ಹಾಕಿದ. ಅವಳು ಬಂದಾಗ ಬಾಗಿಲಲ್ಲೇ ನಿಂತು ಶುಭಸಮಾಚಾರ ಹೇಳಿದ.

“ನೋಡೇ, ಎಷ್ಟು ಬೇಗ ಆನ್ ಆಗುತ್ತೆ!”

“ನನ್ನ ಆಟ?”

“ಎಲ್ಲಾ ಆಟಾನೂ ಓಡುತ್ತೆ ಕಣೇ. ಆ ಕಾಲ ಹೋಯ್ತು. ಈಗ ಹತ್ತಕ್ಕೆ ಒಂಬತ್ತು ಆಟ ಓಡುತ್ತೆ.”

ಅವಳು ಚಪ್ಪಲಿ ಬಿಡುತ್ತ, “ನನಗೆ ಇರೋದು ಒಂದೇ ಆಟ ರೀ,” ಅಂದಳು.

ಹತ್ತಕ್ಕೆ ಒಂಬತ್ತು ಎಂದದ್ದು ಸುಳ್ಳಾಗಿರಲಿಲ್ಲ. ರೇಸಿನ ಆಟ ಓಡಿತು, ಊರು ಕಟ್ಟುವ ಆಟ ಓಡಿತು, ಅವಳು ಕಣ್ಣೆತ್ತಿಯೂ ನೋಡದ ಆಟಗಳೆಲ್ಲ ಸೊಗಸಾಗಿ ಓಡಿದವು. ಲಿನಕ್ಸ್ ಬಳಸುವವರು ತಮ್ಮ ಜಾಲತಾಣದಲ್ಲಿ ಪ್ರತಿ ಆಟಕ್ಕೂ ಪದಕ ಕೊಡುತ್ತಾರೆ. ಚಿನ್ನ ಅಂದರೆ ಒಂದಷ್ಟು ತಿದ್ದಿದರೆ ಆಟ ಓಡುತ್ತದೆ; ಬೆಳ್ಳಿ ಅಂದರೆ ಆಟವೂ ಓಡುತ್ತದೆ, ಅದರ ಹಿಂದೆ ನೀವೂ ಓಡಬೇಕು. ಅವಳ ಆಟಕ್ಕೆ ಪದಕವೇ ಇರಲಿಲ್ಲ. ಆಟಕ್ಕೇನೂ ರೋಗವಿರಲಿಲ್ಲ, ಅದರ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದ. ಮೋಸಗಾರರನ್ನು ಹಿಡಿಯುವ ಈ ಪುಟ್ಟ ಪ್ರೋಗ್ರಾಮು ಕಂಪ್ಯೂಟರಿನ ತಳದವರೆಗೆ ಇಳಿದು ತಪಾಸಣೆ ಮಾಡುತ್ತದೆ. ಲಿನಕ್ಸಿನ ತಳ ಅದಕ್ಕೆ ಪರಿಚಯವಿಲ್ಲ. ಪರಿಚಯವಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಕಾವಲುಗಾರರು ಇರುವುದೇ ಹಾಗೆ.

ಭಾನುವಾರ ಬಂತು. ಹೆಂಡತಿ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು ಕುರ್ಚಿಯ ಹಿಂದೆ ನಿಂತಳು. ಕುರ್ಚಿಯಲ್ಲಿ ಅವನಿದ್ದ.

“ಇನ್ನೊಂದೇ ನಿಮಿಷ.”

“ಆಗಲೂ ಅದೇ ಅಂದ್ರಿ. ಅಕ್ಕ ಕಾಯ್ತಿರ್ತಾಳೆ.”

“ಫೋನ್ ಮಾಡಿ ಹೇಳ್ಬಿಡು, ಇವತ್ತು ಆಗಲ್ಲ ಅಂತ.”

ಅವಳು ಅವನನ್ನು ನೋಡಿದಳು. ಅವನಿಗೆ ನೆನಪಾಯಿತು, ಪರದೆಯ ಕಡೆ ತಿರುಗಿಕೊಂಡ.

ಮುಂದಿನ ಭಾನುವಾರದ ಹೊತ್ತಿಗೆ ಅವನು ತಾಣದ ಪಂಡಿತರನ್ನು ವಿಚಾರಿಸಿದ್ದ. ಕಂಪ್ಯೂಟರಿನ ತಳವನ್ನೆಲ್ಲ ಜಾಲಾಡುವ ಆಟವನ್ನು ಆಡುವವರಿಗೆ ಸ್ವಾಭಿಮಾನವಿಲ್ಲ ಎಂದು ಅವರೆಲ್ಲ ಒಮ್ಮತದಿಂದ ಹೇಳಿದ್ದರು. ಅವನು ಆ ತೀರ್ಪನ್ನು ಮನೆಗೆ ತಂದ.

“ಆ ಆಟಾನೇ ಸರಿಯಿಲ್ಲ ಕಣೇ. ಬೇರೆ ಹಾಕಿದೀನಿ, ನೋಡು. ಪೂರ್ತಿ ಮುಕ್ತ.”

ಪರದೆಯ ಮೇಲೆ ಒಂದು ಪೆಂಗ್ವಿನ್ ಹೊಟ್ಟೆಯಡಿಯಾಗಿ ಮಂಜಿನ ಮೇಲೆ ಜಾರುತ್ತಿತ್ತು. ಮೀನು ಸಿಕ್ಕಿದರೆ ತಿನ್ನುತ್ತಿತ್ತು.

“ಇದರಲ್ಲಿ ಅಕ್ಕ ಎಲ್ಲಿರ್ತಾಳೆ?”

“ಇದು ಒಬ್ಬರೇ ಆಡೋ ಆಟ.”

“ಹಾಗಾದ್ರೆ ನೀವೇ ಜಾರಿ,” ಎಂದು ಅವಳು ಹೆಡ್‌ಫೋನನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಬಟ್ಟೆ ಮಡಿಸಲು ಹೋದಳು.

ಇಲ್ಲಿ ಸಾಮಾನ್ಯ ಮನುಷ್ಯನಾಗಿದ್ದರೆ ತೆಪ್ಪಗೆ ವಿಂಡೋಸನ್ನು ವಾಪಸ್ ಹಾಕಿ, ಒಂದು ಮಧ್ಯಾಹ್ನದ ಮುಖಭಂಗದಲ್ಲಿ ಸಂಸಾರ ಉಳಿಸಿಕೊಳ್ಳುತ್ತಿದ್ದ. ತತ್ತ್ವವಿರುವವರಿಗೆ ಆ ಸೌಕರ್ಯವಿಲ್ಲ. ಮುಕ್ತಾತ್ಮ ಲಿನಕ್ಸಿನ ಒಳಗೇ ಒಂದು ಸೋಗಿನ ಕಂಪ್ಯೂಟರನ್ನು ಕಟ್ಟಿದ, ಅದರೊಳಗೆ ವಿಂಡೋಸ್ ಇಟ್ಟ, ಅದರೊಳಗೆ ಆಟ ಇಟ್ಟ. ಹೊರಗಿನ ಲಿನಕ್ಸ್ ಕಾವಲುಗಾರನ ಕಣ್ಣಿಗೆ ಬೀಳದಂತೆ ಅಲ್ಲಲ್ಲಿ ಹೆಸರು ಬದಲಿಸಿ, ಗುರುತು ಅಳಿಸಿ, ಬಣ್ಣ ಬಳಿದು ವೇಷ ಕಟ್ಟಿದ. ಕಳ್ಳಗಿಂಡಿಯಿಂದ ನುಸುಳುವವರು ಕೂಡ ಮಾಡುವುದು ಇದನ್ನೇ ಎಂದು ಅವನಿಗೆ ಹೊಳೆಯಲಿಲ್ಲ. ತನ್ನ ಉದ್ದೇಶ ಒಳ್ಳೆಯದಲ್ಲವೇ? ಕಾವಲುಗಾರ ಉದ್ದೇಶ ವಿಚಾರಿಸುತ್ತಾನೆಂದು ಅವನು ನಂಬಿದ್ದ.

ಮೂರನೆಯ ಭಾನುವಾರ ಆಟ ತೆರೆಯಿತು. ಹೆಂಡತಿ ಕೂತು ಹೆಡ್‌ಫೋನ್ ಹಾಕಿಕೊಂಡಳು. ಅವನು ಹಿಂದೆ ನಿಂತು, ಮೆಚ್ಚುಗೆಯ ಮಾತು ಈಗ ಬಂದೀತು, ಆಗ ಬಂದೀತು ಎಂದು ಕಾದ. ಪಾಳು ಕಟ್ಟಡದ ಮೆಟ್ಟಿಲ ಬಳಿ ಅಕ್ಕ ನಿಂತಿದ್ದಳು.

“ಪುಟ್ಟೀ,” ಎಂದಿತು ಕಿವಿಯಲ್ಲಿ ದನಿ, “ಎರಡು ವಾರ ಎಲ್ಲಿ ಹೋಗಿದ್ದೆ? ಹುಷಾರಿರಲಿಲ್ವಾ?”

ಅಕ್ಕ ಆಟದ ಹೊರಗಿನ ಮಾತು ಆಡಿದ್ದು ಅದೇ ಮೊದಲು. ತಂಗಿ ಉತ್ತರಕ್ಕೆ ಬಾಯಿ ತೆರೆದಳು. ಪರದೆ ಕೆಂಪಾಯಿತು. ಮೋಸದ ಉಪಕರಣ ಬಳಸಿದ್ದಕ್ಕಾಗಿ ಈ ಆಟಗಾರರನ್ನು ಶಾಶ್ವತವಾಗಿ ಹೊರಹಾಕಲಾಗಿದೆ, ಎಂದು ಅದರ ಮೇಲೆ ಬರೆದಿತ್ತು. ಜೋಡಿಯ ಆಟಗಾರರಿಗೂ ಇದನ್ನು ತಿಳಿಸಲಾಗಿದೆ, ಎಂದೂ ಬರೆದಿತ್ತು.

ಹೆಂಡತಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ಇದಕ್ಕೊಂದು ಅರ್ಜಿ ಹಾಕಬಹುದು,” ಎಂದು ಅವನು ಶುರುಮಾಡಿದ.

“ಅಕ್ಕನಿಗೆ ಫೋನ್ ಮಾಡಿ.”

“ನಾನಾ?”

“ನಾನು ಮಾಡಿದ್ರೆ ಕಳ್ಳಿ ಸಬೂಬು ಹೇಳ್ತಿದಾಳೆ ಅಂತಾಳೆ. ಸ್ನೇಹಿತೆ ಮಗಳನ್ನೇ ಬಿಡದವಳು ನನ್ನ ಬಿಡ್ತಾಳಾ? ಮಾಡ್ರಿ.”

ಅವನು ಮಾಡಿದ. ಆ ಕಡೆ ಒಂದೇ ರಿಂಗಿಗೆ ಎತ್ತಿಕೊಂಡರು.

“ಅಕ್ಕಾ, ನಾನು… ಕನ್ನಡಕದವನು.”

“ಗೊತ್ತಾಯ್ತು. ಮುಕ್ತಾತ್ಮರು. ಹೇಳಿ.”

“ಏನಾಯ್ತು ಅಂದ್ರೆ, ಕರ್ನೆಲ್ ಅಂತ ಒಂದಿರುತ್ತೆ ಅಕ್ಕಾ, ಕಂಪ್ಯೂಟರಿನ ತಿರುಳು ಅನ್ನಿ. ಅದರಲ್ಲಿ…”

“ಪಾಠ ಬೇಡ, ನಾನೂ ಟೀಚರೇ. ನನ್ನ ತಂಗಿ ಕಾಪಿ ಹೊಡೆದಳಾ, ಇಲ್ವಾ? ಒಂದೇ ಮಾತಲ್ಲಿ.”

“ಇಲ್ಲ.”

“ಮತ್ಯಾರು?”

“ನಾನು. ಅಂದ್ರೆ ನಾನೂ ಹೊಡೆದಿಲ್ಲ. ಕಂಪ್ಯೂಟರಿಗೆ ಸ್ವಲ್ಪ ವೇಷ ಹಾಕಿಸಿದೆ, ಅಷ್ಟೇ.”

“ಯಾಕೆ?”

ತಾಣದ ಪಂಡಿತರು ಇದೊಂದು ಪ್ರಶ್ನೆಗೆ ಅವನನ್ನು ತಯಾರು ಮಾಡಿರಲಿಲ್ಲ. “ಅವಳು ನಿಮ್ಮ ಜೊತೆ ಆಡಲಿ ಅಂತ.”

“ಮೊದಲು ಆಡ್ತಿರಲಿಲ್ವಾ?”

“ಆಡ್ತಿದ್ಲು. ಆಗ ವಿಂಡೋಸ್ ಇತ್ತು.”

“ಅದನ್ನ ಯಾರು ತೆಗೆದ್ರು?”

“ನಾನೇ.”

“ಅವಳನ್ನ ಕೇಳಿ ತೆಗೆದ್ರಾ?”

ಮುಕ್ತಾತ್ಮ ಹೆಂಡತಿಯ ಕಡೆ ನೋಡಿದ. ಜಗತ್ತಿನ ಎಲ್ಲ ಬಳಕೆದಾರರ ಹಕ್ಕಿಗಾಗಿ ಹೋರಾಡಿದವನಿಗೆ ಒಬ್ಬ ಬಳಕೆದಾರಳು ಎದುರಿಗೇ ಕೂತಿದ್ದದ್ದು ಆಗ ಕಂಡಿತು. “ಇಲ್ಲ, ಅಕ್ಕಾ,” ಎಂದ. ಲಿನಕ್ಸಿನ ಬಗ್ಗೆ ಅವನು ಆಡಿದ ಅತ್ಯಂತ ಚಿಕ್ಕ ಭಾಷಣ ಅದು.

“ಫೋನ್ ಅವಳ ಕೈಗೆ ಕೊಡಿ.”

ಅವನು ಕೊಟ್ಟು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದ. ಮೊದಲು ಹೂಂ, ಉಹೂಂ ಮಾತ್ರ ಕೇಳಿಸಿತು. ಆಮೇಲೆ ಹೆಂಡತಿಯ ದನಿ ಏರಿತು. “ನೀನೇ ತಾನೇ ಅವತ್ತು ಆಸ್ಪತ್ರೇಲಿ ಎಲ್ಲರ ಮುಂದೆ ಅಂದಿದ್ದು?” “ನಾನು ರಜೆ ಕೇಳಿದ್ದೆ, ಕೊಡಲಿಲ್ಲ. ನಿನಗೆ ಗೊತ್ತಿತ್ತಾ? ನೀನು ಕೇಳಿದೆಯಾ?” “ಅಮ್ಮ ನಿನ್ನ ಹೆಸರೇ ಹೇಳ್ತಿದ್ಲು, ಪಕ್ಕದಲ್ಲಿ ಇದ್ದವಳು ನಾನು!” ವರ್ಷಗಳಿಂದ ಬಾಕಿ ಉಳಿದಿದ್ದ ಜಗಳ ಒಂದು ಮಾತೂ ಬಿಟ್ಟುಹೋಗದಂತೆ ನಡೆಯಿತು. ಪಾತ್ರೆಗಳು ಮುಗಿದವು, ಅವನು ಒಲೆಯನ್ನೂ ಉಜ್ಜಿದ.

ಹೆಂಡತಿ ಒಳಗೆ ಬಂದಾಗ ಅವಳ ಮುಖ ಕೆಂಪಾಗಿತ್ತು, ಹೊಟ್ಟೆ ಹಸಿದಿತ್ತು.

“ಮುಂದಿನ ಭಾನುವಾರ ಅಕ್ಕನ ಮನೆಗೆ ಹೋಗ್ತೀನಿ. ಅವಳ ಕಂಪ್ಯೂಟರಲ್ಲೇ ಸರದಿ ಮೇಲೆ ಆಡ್ತೀವಿ.”

“ನಾನು ವಿಂಡೋಸ್ ವಾಪಸ್ ಹಾಕ್ಲಾ?” ಹಲ್ಲು ಕೀಳಿಸಿಕೊಳ್ಳುವವನ ದನಿಯಲ್ಲಿ ಕೇಳಿದ.

“ಈಗ್ಯಾಕೆ? ಜನ್ಮಕ್ಕೆ ಹೊರಗೆ ಹಾಕಿಸಿದ್ದೀರಲ್ಲ. ಪೆಂಗ್ವಿನ್ನಿಗಾದ್ರೂ ಇರಲಿ.” ಬ್ರೆಡ್ಡಿನ ಡಬ್ಬಿ ತೆರೆಯುತ್ತ ಆಕೆ ಸೇರಿಸಿದಳು: “ನಿಮ್ಮನ್ನೂ ಕರೆದಿದ್ದಾಳೆ. ಅವಳ ಕಂಪ್ಯೂಟರ್ ಈಚೆಗೆ ತುಂಬ ನಿಧಾನವಂತೆ.”

ಮುಕ್ತಾತ್ಮನ ಮುಖದಲ್ಲಿ ಬೆಳಕು ಬಂತು. ಹೆಂಡತಿಗೆ ಆ ಬೆಳಕು ಹಿಡಿಸಲಿಲ್ಲ.

ಭಾನುವಾರ ಹೊರಡುವಾಗ ಆಕೆ ಬಾಗಿಲಿಗೆ ಅಡ್ಡ ನಿಂತು ಅಂಗೈ ಚಾಚಿದಳು.

“ಏನು?” ಎಂದ ಅವನು.

“ಕೊಡ್ರಿ.”

ಅವನು ಅಂಗಿಯ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಕೊಟ್ಟ. ಅದರಲ್ಲಿ ಇಡೀ ಲಿನಕ್ಸ್ ಇತ್ತು. ಆಕೆ ಅದನ್ನು ಶೂ ಇಡುವ ಕಪಾಟಿನ ಮೇಲಿಟ್ಟು ಮತ್ತೆ ಕೈ ಚಾಚಿದಳು.

ಅವನು ಸ್ವಲ್ಪ ಹೊತ್ತು ಚಾವಣಿ ನೋಡಿದ. ಆಮೇಲೆ ಬಗ್ಗಿ, ಕಾಲುಚೀಲದೊಳಗಿಂದ ಇನ್ನೊಂದನ್ನು ತೆಗೆದ.